ಬಿಳುಪಿನ ದಿನಗಳು

ಮಾಲೂರು
12 ಫೆಬ್ರವರಿ 1993

ಅಮ್ಮಾ,

ಕಾಗದ ನೋಡಿ ಗಾಬರಿಯಾಗಬೇಡ, ಯಾರಿಗೂ ಏನೂ ಆಗಿಲ್ಲ. ಮನೆಯಲ್ಲಿ ಕೂತು ಬರೆದರೆ ಮಾವನವರು ಓದುತ್ತಾರೆ. ಶಾನುಭೋಗಿಕೆ ಹೋಗಿ ಎಷ್ಟೋ ವರ್ಷವಾಯಿತು, ಆದರೂ ಮನೆಗೆ ಬರುವ ಕಾಗದ, ಮನೆಯಿಂದ ಹೋಗುವ ಕಾಗದ ಎರಡೂ ಅವರ ಕನ್ನಡಕದ ಕೆಳಗೆ ಹಾದೇ ಹೋಗಬೇಕು. ಅದಕ್ಕೇ ಪಕ್ಕದ ಬೀದಿಯ ನರ್ಸ್ ಗಂಗರತ್ನಮ್ಮನವರ ಜಗುಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ನೀನೂ ಇಂಥ ವಿಷಯ ಬರೆಯುವಾಗ ಅವರ ವಿಳಾಸಕ್ಕೇ ಬರಿ. ಅವರು ಒಡೆದು ನೋಡುವವರಲ್ಲ.

ಮದುವೆಯಾಗಿ ನಾಲ್ಕು ವರ್ಷವಾಗುತ್ತ ಬಂತು. ಅತ್ತೆ ಬಾಯಿಬಿಟ್ಟು ಬೈಯುವುದಿಲ್ಲ, ತಿಂಗಳು ತಿಂಗಳು ನಾನು ಹೊರಗೆ ಕೂತ ದಿನ ಅಡುಗೆಮನೆಯಲ್ಲಿ ಪಾತ್ರೆ ಜೋರಾಗಿ ಇಡುತ್ತಾರೆ ಅಷ್ಟೆ. ಆ ಸದ್ದು ಕೇಳಿದರೆ ನನಗೆ ಎಲ್ಲಾ ಅರ್ಥವಾಗುತ್ತದೆ.

ಮದುವೆಯ ಹಿಂದಿನ ದಿನ ನೀನು ಬಾಗಿನದ ಮೊರದ ಮೇಲೆ ನನ್ನ ಕೈಯಿಡಿಸಿ ಮಾತು ತೆಗೆದುಕೊಂಡೆಯಲ್ಲ, ಅದನ್ನು ಇವತ್ತಿನವರೆಗೆ ತಪ್ಪಿಲ್ಲ. ತಿಂಗಳ ನಡುವೆ ಬಿಳುಪು ಕಾಣಿಸಿದ ದಿನದಿಂದ, ಅದು ನಿಂತು ಮತ್ತೊಂದು ದಿನ ಕಳೆಯುವವರೆಗೆ ಬೇರೆ ಚಾಪೆ. ಕಾರಣ ಕೇಳಿದರೆ ವ್ರತ ಎನ್ನುತ್ತೇನೆ. ಅತ್ತೆಯ ಪಾಲಿಗೆ ನಾನು ದೊಡ್ಡ ಭಕ್ತೆ! ಇವರಂತೂ ಹೆಂಚಿನ ಕಾರ್ಖಾನೆಯಿಂದ ಕಾಲರಿನ ತುಂಬ ಕೆಂಪು ಧೂಳು ಹೊತ್ತುಕೊಂಡು ಬಂದು, ನನ್ನ ಚಾಪೆ ನೋಡಿ, "ಇವತ್ತು ಯಾವ ದೇವರು ನನ್ನ ಮೇಲೆ ಮುನಿಸಿಕೊಂಡಿದ್ದಾನೆ ಮಾರಾಯ್ತಿ?" ಎಂದು ನಗುತ್ತಾರೆ. ಒಳ್ಳೆಯವರು ಅಮ್ಮ. ಕನಕಾಂಬರ ತಂದರೆ ಮೊದಲು ಅತ್ತೆಯ ಕೈಗೆ ಕೊಟ್ಟು, ಆಮೇಲೆ ನನಗೆ ಕಣ್ಣಲ್ಲೇ ತೋರಿಸುತ್ತಾರೆ.

ಒಂದೇ ಪ್ರಶ್ನೆ. ಈ ಬಿಳುಪು ಪ್ರತಿ ತಿಂಗಳೂ ಯಾಕೆ ಬರುತ್ತದೆ? ನನಗೇನಾದರೂ ಕಾಯಿಲೆಯೇ? ಮಗುವಾಗದಿರುವುದು ಇದರಿಂದಲೇ ಇರಬಹುದೇ? ಒಂದೇ ಎಂದು ಮೂರು ಕೇಳಿದೆ. ಬೇರೆ ಯಾರನ್ನು ಕೇಳಲಿ?

ನಿನ್ನ ಮಗಳು,
ಹರಿಪ್ರಿಯಾ


ಮುಳಬಾಗಿಲು
20 ಫೆಬ್ರವರಿ 1993

ಹರಿಪ್ರಿಯಾ, ಸೌಖ್ಯವಾಗಿರು.

ನಿನ್ನ ಕಾಗದ ತಲುಪಿತು. ಓದಿ ಒಲೆಗೆ ಹಾಕಿದೆ. ನೀನೂ ಇದನ್ನು ಹಾಗೇ ಮಾಡು. ಆ ನರ್ಸಮ್ಮ ಯಾರೋ ಏನೋ, ಅವಳ ಜಗುಲಿಯ ಮೇಲೆ ಕೂತು ಬರೆದೆ ಎಂದರೆ ನಿಮ್ಮತ್ತೆ ಸುಮ್ಮನಿರುತ್ತಾರೆಯೇ? ಕಾಗದಕ್ಕೆ ಸರಿ, ಒಳಗೆ ಹೋಗಿ ಕಾಫಿಗೀಫಿ ಕುಡಿಯಬೇಡ.

ಬಿಳುಪು ಹೋಗುವುದು ಉಷ್ಣದಿಂದ. ಮೂಳೆ ಕರಗಿ ಹೋಗುತ್ತದೆ ಎಂದು ನಮ್ಮತ್ತೆ ಹೇಳುತ್ತಿದ್ದರು. ನನಗೂ ಬರುತ್ತಿತ್ತು, ನಮ್ಮ ಮನೆತನದ ಹೆಂಗಸರ ಹಣೆಬರಹ. ಬಾರ್ಲಿ ಗಂಜಿ ಕುಡಿ, ಕಾಮಕಸ್ತೂರಿ ಬೀಜ ನೆನೆಸಿ ಮಜ್ಜಿಗೆಯಲ್ಲಿ ತೆಗೆದುಕೋ. ಬೆಳ್ಳುಳ್ಳಿ, ಹುರುಳಿ ಮುಟ್ಟಬೇಡ. ಪಟಿಕ ಕರಗಿಸಿದ ನೀರಿನಲ್ಲಿ ಎರಡು ಹೊತ್ತು ಒಳಗೂ ತೊಳೆದುಕೋ. ಅದಕ್ಕೂ ಕಡಿಮೆಯಾಗದಿದ್ದರೆ ಡೆಟಾಲು ಒಂದು ಮುಚ್ಚಳ ಬೆರೆಸಿಕೋ, ಸ್ವಲ್ಪ ಉರಿದರೂ ಸಹಿಸಿಕೋ.

ಮಕ್ಕಳು ದೇವರು ಕೊಟ್ಟಾಗ ಆಗುತ್ತವೆ. ನನಗೂ ಒಂಬತ್ತು ವರ್ಷ ಆಗಲಿಲ್ಲ, ಆಮೇಲೆ ನೀನು ಹುಟ್ಟಲಿಲ್ಲವೇ? ಆದರೆ ಆ ದಿನಗಳನ್ನು ಮಾತ್ರ ತಪ್ಪಬೇಡ. ಮಾಧವ ನಗಲಿ, ಸಿಟ್ಟಾಗಲಿ. ಗಂಡನಾದವನು ಮುನಿಸಿಕೊಂಡು ಬದುಕಿರುವುದು ದೊಡ್ಡದು. ಬಿಳುಪಿನ ದಿನ ಹತ್ತಿರ ಹೋದರೆ ಗಂಡಸಿನ ಮೈ ಒಳಗಿಂದೊಳಗೇ ಕರಗುತ್ತದೆ. ಕಾರಣ ಕೇಳಬೇಡ. ನಾನು ಹೇಳುತ್ತಿದ್ದೇನೆ, ಸಾಕು.

ಇಲ್ಲಿ ಹಪ್ಪಳದ ಕೆಲಸ ಶುರುವಾಗಿದೆ. ಅಂಜಮ್ಮ ದಿನಾ ಬಂದು ಒತ್ತಿಕೊಡುತ್ತಾಳೆ. ಒತ್ತುವುದಕ್ಕಿಂತ ಮಾತಾಡುವುದು ಹೆಚ್ಚು.

ನಿನ್ನ ತಾಯಿ,
ಕೃಷ್ಣಮ್ಮ


ಮಾಲೂರು
3 ಸೆಪ್ಟೆಂಬರ್ 1995

ಅಮ್ಮಾ,

ಗೌರಿಹಬ್ಬಕ್ಕೆ ಬಂದಾಗ ಬಾಯಿಬಿಟ್ಟು ಹೇಳಬೇಕೆಂದುಕೊಂಡೆ. ನೀನು ಒಬ್ಬಟ್ಟು ತಟ್ಟುತ್ತಲೇ ಇದ್ದೆ, ನಾನು ಬೇಯಿಸುತ್ತಲೇ ಇದ್ದೆ. ಮುಖ ನೋಡಿಕೊಂಡು ಇಂಥ ಮಾತು ಆಡುವುದು ನಮ್ಮಿಬ್ಬರಿಗೂ ಬರುವುದಿಲ್ಲ.

ಪಟಿಕದ ನೀರು, ಡೆಟಾಲು ಎಲ್ಲಾ ಮಾಡುತ್ತಿದ್ದೇನೆ. ಬಿಳುಪು ನಿಂತಿಲ್ಲ, ಬದಲಿಗೆ ಉರಿ ಶುರುವಾಗಿದೆ. ಕೆಲವು ದಿನ ತುರಿಕೆ ಎಷ್ಟೆಂದರೆ, ಊಟಕ್ಕೆ ಬಡಿಸುವಾಗ ಸೌಟು ಬಿಟ್ಟು ಬಚ್ಚಲಿಗೆ ಓಡುತ್ತೇನೆ. ತುರಿಕೆ ಬಂದಷ್ಟೂ ಇನ್ನಷ್ಟು ತೊಳೆಯುತ್ತೇನೆ. ಸರಿ ತಾನೇ?

ಅತ್ತೆ ಅಶ್ವತ್ಥಕಟ್ಟೆಯಲ್ಲಿ ನಾಗರಕಲ್ಲು ಹಾಕಿಸಿದರು. ಆಮೇಲೆ ಕೋಲಾರದಲ್ಲಿ ಒಬ್ಬ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಆಕೆ ನನ್ನನ್ನು ನೋಡಿ, "ಗಂಡ ಹೆಂಡತಿ ಎಲ್ಲಾ ಸರಿಯಾಗಿದ್ದೀರಾ ತಾನೇ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮುಂಚೆ ಅತ್ತೆಯೇ, "ಅದೆಲ್ಲಾ ಚೆನ್ನಾಗಿದ್ದಾರೆ ಡಾಕ್ಟ್ರೇ, ಇವಳು ವ್ರತನೇಮ ಜಾಸ್ತಿ ಮಾಡ್ತಾಳೆ ಅಷ್ಟೆ" ಎಂದರು. ಡಾಕ್ಟರು ನಕ್ಕು ಶಕ್ತಿ ಮಾತ್ರೆ ಬರೆದುಕೊಟ್ಟರು, ಮುಂದಿನ ಸಲ ಗಂಡನನ್ನೂ ಕರೆದುಕೊಂಡು ಬನ್ನಿ ಎಂದರು. ಬಸ್ಸಿನಲ್ಲಿ ಅತ್ತೆ, "ನನ್ನ ಮಗನಿಗೇನಾಗಿದೆ ಧಾಡಿ?" ಎಂದವರು ಮತ್ತೆ ಆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲಿಲ್ಲ.

ಆ ಎರಡು ನಿಮಿಷ ಅತ್ತೆ ಹೊರಗಿದ್ದಿದ್ದರೆ ನಾನು ಕೇಳುತ್ತಿದ್ದೆನೋ ಏನೋ. ಕೇಳುತ್ತಿರಲಿಲ್ಲವೇನೋ. ಮೊರದ ಮೇಲೆ ಕೈಯಿಟ್ಟದ್ದು ನೆನಪಾಗುತ್ತದೆ.

ಇವರು ಈಗ ನಗುವುದಿಲ್ಲ. ಹೋದ ತಿಂಗಳು ಚಾಪೆ ಬಿಡಿಸುವಾಗ, "ನಾನೇನಾದ್ರೂ ತಪ್ಪು ಮಾಡಿದೀನಾ ಹರಿ? ಹೇಳು, ತಿದ್ಕೋತೀನಿ" ಎಂದರು. ಗೋಡೆ ಕಡೆ ತಿರುಗಿ ಮಲಗಿದೆ. ಅಮ್ಮ, ಒಂದು ನಾಚಿಕೆಯ ಮಾತು ಬರೆಯುತ್ತೇನೆ, ಓದಿ ಸುಟ್ಟುಬಿಡು. ಆ ದಿನಗಳಲ್ಲೇ ನನಗೆ ಅವರ ಹತ್ತಿರ ಹೋಗಬೇಕೆಂದು ಹೆಚ್ಚು ಅನಿಸುತ್ತದೆ. ಇದೂ ಕಾಯಿಲೆಯ ಲಕ್ಷಣವೇ?

ನಿನ್ನ ಮಗಳು,
ಹರಿಪ್ರಿಯಾ


ಮುಳಬಾಗಿಲು
19 ಮೇ 1997

ಹರಿಪ್ರಿಯಾ, ಸೌಖ್ಯವಾಗಿರು.

ಕಾರ್ಡಿನಲ್ಲಿ ಬರೆಯುತ್ತಿದ್ದೇನೆ, ನಿಮ್ಮ ಮಾವನವರೂ ಓದಲಿ. ಶ್ರೀನಿವಾಸಪುರದಿಂದ ನಿನ್ನ ಚಿಕ್ಕಪ್ಪ ಎರಡು ಬುಟ್ಟಿ ಮಾವಿನಹಣ್ಣು ಕಳಿಸಿದ್ದಾನೆ. ಈ ಸಲ ಮಲ್ಲಿಕಾ ಸಿಹಿಯಾಗಿಲ್ಲ, ಬಾದಾಮಿ ಪರವಾಗಿಲ್ಲ. ಒಂದು ಬುಟ್ಟಿ ನಿಮ್ಮಲ್ಲಿಗೆ ಕಳಿಸುತ್ತೇನೆ. ನೀನು ಹೆಚ್ಚು ತಿನ್ನಬೇಡ, ಉಷ್ಣ. ಕೇಳಿದ್ದಕ್ಕೆಲ್ಲಾ ಕಾಗದದಲ್ಲಿ ಉತ್ತರ ಬರೆಯಲು ನನಗೆ ಬರುವುದಿಲ್ಲ. ವ್ರತ ಬಿಡಬೇಡ.

ಕೃಷ್ಣಮ್ಮ


ಮಾಲೂರು
8 ನವೆಂಬರ್ 1999

ಅಮ್ಮಾ,

ಈ ಕಾಗದವನ್ನು ಸುಡಬೇಡ. ಪೂರ್ತಿ ಓದು, ಮತ್ತೆ ಓದು.

ಹೋದ ತಿಂಗಳು ಉರಿ ತಡೆಯಲಾರದೆ ಗಂಗರತ್ನಮ್ಮನವರ ಮನೆಗೆ ಹೋದೆ. ಜಗುಲಿಗಲ್ಲ, ಒಳಗೆ. ಆರೂವರೆ ವರ್ಷದಿಂದ ನಮ್ಮ ಕಾಗದಗಳನ್ನು ಕೈಯಿಂದ ಕೈಗೆ ದಾಟಿಸಿದ ಹೆಂಗಸು, ಒಂದು ದಿನವೂ ಏನು ಎತ್ತ ಎಂದು ಕೇಳಿರಲಿಲ್ಲ. ಆವತ್ತು ಬಾಗಿಲು ಹಾಕಿ ಕೇಳಿದರು. ಡೆಟಾಲಿನ ಮಾತು ಹೇಳಿದ್ದೇ ತಡ, ತಲೆ ತಲೆ ಚಚ್ಚಿಕೊಂಡರು. "ಅಯ್ಯೋ ನನ್ ತಲ್ಲೀ, ಗಾಯ ತೊಳೆಯೋ ಔಷಧೀನ ಒಳಗೆ ಹಾಕ್ಕೊಂಡಿದ್ದೀಯಾ? ಆ ಜಾಗ ತನ್ನಷ್ಟಕ್ಕೆ ತಾನೇ ಕ್ಲೀನ್ ಮಾಡ್ಕೊಳ್ಳುತ್ತೆ ಕಣಮ್ಮಾ. ಹೊರಗಡೆ ಬರೀ ನೀರು ಸಾಕು. ಒಳಗೆ ಪಟಿಕಾನೂ ಬೇಡ, ಸೋಪೂ ಬೇಡ. ಹಿಂಗೆ ತೊಳೆದೂ ತೊಳೆದೂನೇ ನೀನು ಕಾಯಿಲೆ ತಂದ್ಕೊಂಡಿರೋದು" ಎಂದರು.

ಆಮೇಲೆ ಬಿಳುಪಿನ ಮಾತು ಬಂತು. ಮೊಸರು ಒಡೆದ ಹಾಗೆ ಗಟ್ಟಿಯಾಗಿ ತುರಿಕೆ ಇದ್ದರೆ ಅದಕ್ಕೆ ಮಾತ್ರೆ ಇದೆಯಂತೆ. ಹಸಿರೋ ಹಳದಿಯೋ ಆಗಿ ವಾಸನೆ ಬಂದರೆ ಅದಕ್ಕೆ ಬೇರೆ ಔಷಧಿ, ತಡಮಾಡದೆ ತೋರಿಸಬೇಕಂತೆ. "ನಿನ್ನದು ಈಗ ಕೆಟ್ಟಿದೆ, ಅದು ಸರಿ. ಮದುವೆಯಾದ ಹೊಸದರಲ್ಲಿ ಹೆಂಗಿತ್ತು?" ಎಂದರು. ಹೇಗೆ ವರ್ಣಿಸಲಿ? ಅವರು ಎದ್ದು ಹೋಗಿ ಒಂದು ಕೋಳಿಮೊಟ್ಟೆ ತಂದು ಸ್ಟೀಲ್ ಲೋಟದ ಅಂಚಿಗೆ ಕುಟ್ಟಿ ಒಡೆದರು. ನಾನು ಮೂಗಿಗೆ ಸೆರಗು ಹಿಡಿದೆ, ಹುಟ್ಟಿದಾಗಿನಿಂದ ಅದರ ಒಳಗನ್ನು ನೋಡಿದವಳಲ್ಲ. ಎರಡು ಬೆರಳು ಅದ್ದಿ ಎತ್ತಿ ಅಗಲಿಸಿದರು. ನಡುವೆ ತೆಳ್ಳಗೆ ಒಂದು ಎಳೆ ನಿಂತಿತು.

"ಹಿಂಗಿತ್ತಾ?"

"ಹೀಗೇ ಇತ್ತು" ಎಂದೆ.

ಅಮ್ಮ, ಅದು ರೋಗವಲ್ಲ. ಅದು ಮೂಳೆಯಲ್ಲ. ಹೆಂಗಸಿನ ಮೈಯಲ್ಲಿ ತಿಂಗಳಿಗೊಂದು ಅಂಡ ಹೊರಬರುತ್ತದಂತೆ, ಮುಂದಿನ ಮುಟ್ಟಿಗೆ ಸುಮಾರು ಹದಿನಾಲ್ಕು ದಿನ ಇರುವಾಗ. ಒಂದು ದಿನ ಬದುಕಿದ್ದರೆ ಹೆಚ್ಚು. ಅದಕ್ಕೆ ಮುಂಚಿನ ನಾಲ್ಕೈದು ದಿನ ಈ ಬಿಳುಪು ಬರುತ್ತದೆ, ಗಂಡಸಿನ ಬೀಜ ಇದರಲ್ಲೇ ಉಸಿರು ಹಿಡಿದು ಬದುಕಿರುತ್ತದೆ. "ಮಕ್ಕಳಾಗೋ ದಿನಗಳು ಅಂದ್ರೆ ಇವೇ ಕಣಮ್ಮಾ" ಎಂದರು. ಮತ್ತೆ ಉಳಿದ ದಿನ, ಎಂದು ಕೇಳಿದೆ. "ಉಳಿದ ದಿನ ಉಳಿದ ದಿನ" ಎಂದರು.

ಹತ್ತು ವರ್ಷ ಅಮ್ಮ. ತಿಂಗಳು ತಿಂಗಳು ಸರಿಯಾಗಿ ಆ ದಿನಗಳನ್ನೇ ಹುಡುಕಿ, ಗುರುತು ಮಾಡಿ, ಚಾಪೆ ಬೇರೆ ಹಾಸಿದೆ. ಕಣ್ಣುಮುಚ್ಚಿಕೊಂಡು ಬದುಕಿದ್ದರೆ ಒಂದು ಸಲವಾದರೂ ತಪ್ಪುತ್ತಿದ್ದೆ. ನಾನು ತಪ್ಪಲಿಲ್ಲ, ನಿನ್ನ ಮಗಳಲ್ಲವೇ?

ಇವರಿಗೆ ಓಡಿಬಂದು ಹೇಳಿದೆ. ಅಂಗಿ ಕಳಚುತ್ತಿದ್ದವರು ಹಾಗೇ ನಿಂತರು. "ಏಕಾದಶಿ ಅಲ್ಲದ ದಿನಾನೂ ವ್ರತ ಅಂದಾಗ ನಾನೇನು ದಡ್ಡನಾ? ನನ್ನ ಕಂಡ್ರೆ ನಿನಗೆ ಹೇಸಿಗೆ ಅಂದ್ಕೊಂಡೆ. ಕೇಳ್ದೆ, ನೀನು ಗೋಡೆ ಕಡೆ ತಿರುಗ್ದೆ. ಆಮೇಲೆ ಕೇಳೋದು ಬಿಟ್ಟೆ" ಎಂದರು. ಅಂಗಿಯನ್ನು ಗೂಟಕ್ಕೆ ಹಾಕಿ, "ಕೋಲಾರದವರಿಗೆ ಮಾತು ಕೊಟ್ಟಾಗಿದೆ ಹರಿ" ಎಂದರು. ಹೌದು, ಇವರಿಗೆ ಎರಡನೆಯ ಹೆಣ್ಣು ಗೊತ್ತುಮಾಡಿದ್ದು ನನಗೇ ಗೊತ್ತಿರಲಿಲ್ಲ. ಮಾವನವರು ಆ ಕಾಗದಗಳನ್ನೆಲ್ಲಾ ತಾವೇ ಓದಿ ತಾವೇ ಬರೆದು ಮುಗಿಸಿದ್ದಾರೆ. ಹುಡುಗಿಯ ಹೆಸರು ಶ್ರೀಪ್ರಿಯಾ. ಹೆಸರು ಕರೆಯಲು ಯಾರಿಗೂ ಹೆಚ್ಚು ಕಷ್ಟವಾಗುವುದಿಲ್ಲ.

ನನಗೀಗ ಮೂವತ್ತೊಂದು. ಇನ್ನೂ ಹೊತ್ತು ಮೀರಿಲ್ಲ ಎಂದು ಗಂಗರತ್ನಮ್ಮ ಹೇಳುತ್ತಾರೆ. ಬಿಳುಪಿನ ದಿನಗಳು ಬರುತ್ತವೆ, ಬರುವ ಮನುಷ್ಯ ಇಲ್ಲ. ಒಂದೇ ಮನೆಯಲ್ಲಿದ್ದೇವೆ, ಅವರ ಚಾಪೆ ಈಗ ಹಜಾರಕ್ಕೆ ಹೋಗಿದೆ.

ನಾನು ಮೂರು ಸಲ ಕೇಳಿದೆ, ನೀನು ಬಾರ್ಲಿ ಗಂಜಿ ಎಂದೆ, ಮಾವಿನಹಣ್ಣು ಎಂದೆ. ಈಗ ಕಾರಣ ಹೇಳು. ನಿನ್ನತ್ತೆ ಹೇಳಿದರು ಎಂದರೆ ಸಾಲದು. ಹೊಟ್ಟೆಯಲ್ಲಿ ಹುಟ್ಟಿದವಳ ಕೈಯನ್ನು ಮೊರದ ಮೇಲಿಡಿಸಿ ಮಾತು ತೆಗೆದುಕೊಳ್ಳಬೇಕಾದರೆ ನಿನಗೇನೋ ಆಗಿರಬೇಕು.

ಹರಿಪ್ರಿಯಾ


ವೇಮಗಲ್
2 ಏಪ್ರಿಲ್ 2000

ಅಮ್ಮಾ,

ನಿನ್ನಿಂದ ಐದು ತಿಂಗಳಾದರೂ ಒಂದು ಕಾರ್ಡೂ ಇಲ್ಲ. ಈ ಕಡೆ ಬಂದಿದ್ದ ಅಂಜಮ್ಮನಿಂದ ಆರೋಗ್ಯವಾಗಿದ್ದೀಯ ಎಂದು ತಿಳಿದುಕೊಂಡೆ.

ಕೋರ್ಟಿನ ಕಾಗದಕ್ಕೆ ಸಹಿ ಹಾಕಿದೆ. ನಾವಿಬ್ಬರೂ ಗಂಡ ಹೆಂಡಿರಂತೆ ಬಾಳದೆ ಒಂದು ವರ್ಷದ ಮೇಲಾಯಿತು ಎಂದು ಅದರಲ್ಲಿ ಲಾಯರು ಬರೆದಿದ್ದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಇವರು, ಇನ್ನು ಇವರು ಎನ್ನಬಾರದು, ಮಾಧವ ಪೆನ್ನಿನ ಮುಚ್ಚಳ ತೆಗೆದುಕೊಟ್ಟರು. ಬಸ್‌ ಸ್ಟ್ಯಾಂಡಿನವರೆಗೂ ಬಂದು, ಹೂವಿನ ಅಂಗಡಿಯ ಮುಂದೆ ಒಂದು ಕ್ಷಣ ನಿಂತು, ಹಾಗೇ ಮುಂದೆ ನಡೆದರು.

ಗಂಗರತ್ನಮ್ಮನವರಿಗೆ ಇಲ್ಲಿಗೆ ವರ್ಗವಾಯಿತು, ನನ್ನನ್ನೂ ಕರೆದುಕೊಂಡು ಬಂದರು. ಅವರ ಕ್ವಾರ್ಟರ್ಸಿನಲ್ಲೇ ಇದ್ದೇನೆ. ಅವರ ಮನೆಯ ಊಟವನ್ನೇ ಮಾಡುತ್ತಿದ್ದೇನೆ, ಬೇಕಿದ್ದರೆ ಬೇಸರಪಟ್ಟುಕೋ. ಇಲ್ಲೊಂದು ಕಾನ್ವೆಂಟಿನಲ್ಲಿ ಒಂದನೇ ತರಗತಿಗೆ ಪಾಠ ಮಾಡುತ್ತೇನೆ. ಮೂವತ್ತೆಂಟು ಮಕ್ಕಳು. ಮೂಗು ಒರೆಸಿ ಒರೆಸಿ ಸೆರಗು ಗಟ್ಟಿಯಾಗಿ ಹೋಗುತ್ತದೆ.

ಉರಿ, ತುರಿಕೆ ನಿಂತಿದೆ. ತೊಳೆಯುವುದನ್ನು ಬಿಟ್ಟು, ಕೊಟ್ಟ ಮಾತ್ರೆ ನುಂಗಿದ್ದಕ್ಕೆ ಮೂರು ವಾರ ಸಾಕಾಯಿತು.

ಕಾರಣ ಇನ್ನೂ ಬಂದಿಲ್ಲ.

ಹರಿಪ್ರಿಯಾ


ಮುಳಬಾಗಿಲು
30 ಏಪ್ರಿಲ್ 2000

ಹರೀ,

ಸೌಖ್ಯವಾಗಿರು ಎಂದು ಬರೆಯಲು ಕೈ ಬರುತ್ತಿಲ್ಲ.

ಐದು ತಿಂಗಳಲ್ಲಿ ಏಳು ಸಲ ಬರೆಯಲು ಕೂತೆ. ಪ್ರತಿ ಸಲವೂ ಹರಿದು ಒಲೆಗೆ ಹಾಕಿದೆ. ಇದನ್ನು ಅಂಜಮ್ಮನ ಕೈಗೆ ಈಗಲೇ ಕೊಟ್ಟು ಡಬ್ಬಿಗೆ ಹಾಕಿಸುತ್ತೇನೆ, ಇಲ್ಲದಿದ್ದರೆ ಇದೂ ಬೂದಿಯಾಗುತ್ತದೆ.

ನಮ್ಮತ್ತೆಯೂ ನನ್ನಿಂದ ಇದೇ ಮಾತು ತೆಗೆದುಕೊಂಡಿದ್ದರು. ಒಂಬತ್ತು ವರ್ಷ ಚಾಚೂ ತಪ್ಪದೆ ನಡೆದೆ. ನಿನ್ನಪ್ಪನಿಗೆ ನಂಗಲಿ ಕಡೆ ಸರ್ವೆ ಕೆಲಸ ಬಿತ್ತು, ಎರಡು ತಿಂಗಳು ಊರಿಗೆ ಬರಲಿಲ್ಲ. ಬಂದಾಗ ಗಡ್ಡ ಬಿಟ್ಟುಕೊಂಡು, ಕಪ್ಪಾಗಿ, ಬಾಗಿಲಲ್ಲಿ ನಿಂತು "ಯಾರಮ್ಮಾ ಮನೇಲಿ?" ಎಂದು ತಮಾಷೆ ಮಾಡಿದರು. ಅತ್ತೆ ಆವನಿ ದೇವಸ್ಥಾನಕ್ಕೆ ಹೋಗಿದ್ದರು. ನನಗೆ ಅವತ್ತು ಬಿಳುಪಿನ ಮೂರನೆಯ ದಿನ. ನನಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಲಿಲ್ಲ. ನೀನು ಕೇಳಿದೆಯಲ್ಲ, ಆ ದಿನಗಳಲ್ಲಿ ಹೆಚ್ಚು ಅನಿಸುವುದು ಕಾಯಿಲೆಯೇ ಎಂದು. ಆ ಕಾಗದವನ್ನು ಓದಿದ ಕೂಡಲೇ ಒಲೆಗೆ ಹಾಕಿದೆ. ನನಗೂ ಅನಿಸಿತ್ತು. ಎರಡು ದಿನ ಮಾತು ಮುರಿದೆ.

ಆ ತಿಂಗಳು ನಾನು ಹೊರಗೆ ಕೂರಲಿಲ್ಲ. ನೀನು ಹುಟ್ಟಿದೆ. ಊರೆಲ್ಲಾ ಸಕ್ಕರೆ ಹಂಚಿದರು ನಿನ್ನಪ್ಪ.

ನಿನಗೆ ಒಂದೂವರೆ ವರ್ಷವಾಗುವಷ್ಟರಲ್ಲಿ ಕೆಮ್ಮು ಶುರುವಾಯಿತು. ಮೊದಲು ಬೆಳಗ್ಗೆ ಮಾತ್ರ, ಆಮೇಲೆ ಇಡೀ ದಿನ. ಅಂಗಿ ದೊಡ್ಡದಾಗುತ್ತ ಹೋಯಿತು, ಉಂಗುರ ಬೆರಳಲ್ಲಿ ನಿಲ್ಲದೆ ದಾರ ಸುತ್ತಿಕೊಂಡರು. ಮೈ ಕರಗುವುದು ಎಂದರೇನು ಎಂದು ಕಣ್ಣಾರೆ ನೋಡಿದೆ. ಕ್ಷಯ ಎಂದು ಡಾಕ್ಟರು ಹೆಸರಿಟ್ಟರು, ನನಗೆ ಮಾತ್ರ ಅದರ ಹೆಸರು ಮೊದಲೇ ಗೊತ್ತಿತ್ತು. ಅವರು ತೀರಿಕೊಂಡ ಹದಿಮೂರನೆಯ ದಿನ ಅತ್ತೆ ನನ್ನನ್ನು ಹಿತ್ತಿಲಿಗೆ ಕರೆದು, "ದಿನ ತಪ್ಪಿದ್ಯೇನೇ?" ಎಂದು ಕೇಳಿದರು. ಹೌದು ಎಂದೆ. ಸಾಯುವವರೆಗೆ ನನ್ನ ಕೈಯ ನೀರನ್ನೂ ಅವರು ಮುಟ್ಟಲಿಲ್ಲ. ನಾನೂ ಅದು ಸರಿಯೆಂದೇ ತಿಳಿದೆ.

ಮೂವತ್ತು ವರ್ಷ ಗಂಡನನ್ನು ಕೊಂದವಳು ಎಂದು ನನ್ನನ್ನು ನಾನೇ ಕರೆದುಕೊಂಡು ಬದುಕಿದೆ. ನಿನ್ನ ಮದುವೆಯ ಹಿಂದಿನ ದಿನ ವರಪೂಜೆಯಲ್ಲಿ ಮಾಧವ ಹಸೆಯ ಮೇಲೆ ಕೂತು ನಗುತ್ತಿದ್ದ. ಅವನ ಅಂಗಿ ದೊಡ್ಡದಾಗಬಾರದು, ನನ್ನ ಮಗಳು ನನ್ನ ಹಾಗಾಗಬಾರದು ಎಂದೇ ನಿನ್ನ ಕೈಯನ್ನು ಮೊರದ ಮೇಲಿಡಿಸಿದೆ. ಕೆಟ್ಟದ್ದು ಬಯಸಲಿಲ್ಲ ಹರಿ. ಆದರೆ ಬಯಸಿದ್ದರೂ ಇದಕ್ಕಿಂತ ಅಚ್ಚುಕಟ್ಟಾಗಿ ಮಾಡಲಾಗುತ್ತಿರಲಿಲ್ಲ.

ನಿನ್ನ ನರ್ಸಮ್ಮನನ್ನು ಒಂದು ಮಾತು ಕೇಳು. ಹೆಂಗಸಿನ ಬಿಳುಪಿನಿಂದ ಗಂಡಸಿಗೆ ಕ್ಷಯ ಬರುತ್ತದೆಯೇ? ಬರುತ್ತದೆ ಎಂದರೆ ನಿನ್ನಪ್ಪನನ್ನು ನಾನು ಕೊಂದೆ. ಬರುವುದಿಲ್ಲ ಎಂದರೆ ನಿನ್ನ ಬಾಳನ್ನು ಕೊಂದೆ. ಯಾವ ಉತ್ತರ ಬರಲೆಂದು ದೇವರ ಮುಂದೆ ಕೂರಲಿ, ನನಗೆ ತಿಳಿಯುತ್ತಿಲ್ಲ.

ನಿನ್ನ ತಾಯಿ


ವೇಮಗಲ್
14 ಮೇ 2000

ಅಮ್ಮಾ,

ಕಾಗದವನ್ನು ಗಂಗರತ್ನಮ್ಮನವರಿಗೆ ಓದಿ ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ಹೀಗೆ ಹೇಳಿದರು: "ಕ್ಷಯ ಕೆಮ್ಮಿನಿಂದ, ಗಾಳಿಯಿಂದ ಬರುತ್ತೆ. ಸರ್ವೆ ಹೋದ ಕಡೆ ಕೆಮ್ಮೋರ ಜೊತೆ ಮಲಗಿರಬೇಕು, ಉಂಡಿರಬೇಕು. ಹೆಂಡತಿಯಿಂದ ಅಲ್ಲ ಅಂತ ಬರಿ. ದಪ್ಪಗೆ ಬರಿ."

ಅಪ್ಪ ನಿನ್ನಿಂದ ಸಾಯಲಿಲ್ಲ. ದಪ್ಪಗೆ ಬರೆದಿದ್ದೇನೆ.

ನನಗೆ ಮಗುವಾಗದ್ದಕ್ಕೆ ಇದೊಂದೇ ಕಾರಣವೇ ಎಂದೂ ಕೇಳಿದೆ. ಆಣೆ ಮಾಡಿ ಹೇಳಲಾರೆ, ಪರೀಕ್ಷೆ ಮಾಡಿಸಿಲ್ಲ, ಮಾಧವನಿಗೂ ಮಾಡಿಸಿಲ್ಲ ಎಂದರು. ಅಂದರೆ ನನಗೆ ಅದೂ ಖಂಡಿತವಾಗಿ ಗೊತ್ತಾಗುವುದಿಲ್ಲ. ನೀನು ಸಮಾಧಾನ ಮಾಡಿಕೊಳ್ಳಲು ಅಷ್ಟು ಜಾಗ ಇದೆ, ಮಾಡಿಕೋ. ನನಗೆ ಆಗುತ್ತಿಲ್ಲ.

ಮೊನ್ನೆ ಸಂಜೆ ಮತ್ತೆ ಬಿಳುಪು ಕಂಡಿತು. ಹಳೆಯ ಅಭ್ಯಾಸ, ಎದ್ದು ಹೋಗಿ ಚಾಪೆ ಬೇರೆ ಹಾಸಿದೆ. ಹಾಸಿದ ಮೇಲೆ ನೆನಪಾಯಿತು, ಈ ಕೋಣೆಯಲ್ಲಿ ಇರುವುದು ಅದೊಂದೇ ಚಾಪೆ.

ರಜೆಗೆ ಬಾ ಎಂದು ಅಂಜಮ್ಮನ ಕೈಲಿ ಹೇಳಿಕಳಿಸಿದ್ದೀಯ. ಈ ವರ್ಷ ಬರುವುದಿಲ್ಲ. ನಿನ್ನ ಮೇಲೆ ಸಿಟ್ಟಿಲ್ಲ ಎಂದು ಬರೆಯೋಣವೆಂದುಕೊಂಡೆ, ಬರೆಯಲಾಗಲಿಲ್ಲ. ನಿನ್ನ ಮೇಲೆ ಸಿಟ್ಟಿದೆ ಎಂದೂ ಬರೆಯಲಾಗುತ್ತಿಲ್ಲ. ಒಂಬತ್ತು ವರ್ಷದಲ್ಲಿ ನೀನು ಎರಡು ದಿನ ಮಾತು ಮುರಿದೆ, ಅದಕ್ಕೇ ನಾನಿದ್ದೇನೆ. ಅಂಥ ಒಂದು ದಿನವನ್ನು ನನಗೂ ಬಿಡಬಹುದಿತ್ತು ಅಮ್ಮ.

ಹರಿಪ್ರಿಯಾ